ಮೊಟ್ಟೆ ಒಡೆಯುವವಳು

ಮೊದಲು ಗಾಜಿನ ಲೋಟಕ್ಕೆ ಒಡೆಯಬೇಕು, ನೇರ ಪಾತ್ರೆಗಲ್ಲ.
ಕಿಟಕಿಯ ಬೆಳಕಿಗೆ ಹಿಡಿಯಬೇಕು.
ಹಳದಿಯ ಮೇಲೆ ಸಾಸಿವೆಯಷ್ಟು ರಕ್ತ ಕಂಡರೂ
ಚೆಲ್ಲಬೇಕು. ಅದು ನಮ್ಮ ಕಟ್ಟಳೆ.
ಗ್ರೋಡ್ನೊದಲ್ಲಿ ನನ್ನಮ್ಮ ಹಾಗೆ ನೋಡುತ್ತಿದ್ದಳು,
ವಾರಕ್ಕೆ ಮೂರೋ ನಾಲ್ಕೋ.
ನಾನು ಡೆನ್ವರಿನಾಚೆಯ ಒಣ ಬಯಲಲ್ಲಿ
ದಿನಕ್ಕೆ ಆರುನೂರು ನೋಡಿದೆ.

ತಲೆಗೆ ಆರು ಹಸಿ ಮೊಟ್ಟೆ, ಎಂಟು ಲೋಟ ಹಾಲು.
ಮದ್ದೆಂದರೆ ಅಷ್ಟೇ. ಮಿಕ್ಕಿದ್ದು ಗಾಳಿ.
ಮಂಚಗಳು ಜಗಲಿಯಲ್ಲಿ, ಜನವರಿಯಲ್ಲೂ,
ಬೆಳಿಗ್ಗೆ ಹೊದಿಕೆಯ ಮೇಲಿನ ಹಿಮ ಕೊಡವಿ
ಮೇಲೆದ್ದು ಕೂರುತ್ತಿದ್ದರು ನ್ಯೂಯಾರ್ಕಿನ ದರ್ಜಿಗಳು,
ಬೆಟ್ಟಗಳನ್ನು ನೋಡುತ್ತ,
ಬೆಲೆ ಕೇಳಲು ಹೆದರಿದ ಗಿರಾಕಿಗಳ ಹಾಗೆ.

ಶುರುವಾದದ್ದು ಹೀಗಂತೆ, ನಾನು ಬರುವ ಮೊದಲು:
ಒಂದು ಹೊಲಿಗೆ ಅಂಗಡಿ, ಇಸ್ತ್ರಿಪೆಟ್ಟಿಗೆ ಆರಿದ ಹೊತ್ತು,
ಹದಿನಾಲ್ಕು ಜನ. ಟೋಪಿ ಮಾಡುವವ, ಚುಟ್ಟಾ ಸುತ್ತುವವ,
ಹೀಬ್ರೂ ಪಾಠ ಹೇಳಿ ಯಾರೂ ದುಡ್ಡು ಕೊಡದವ.
ಒಂಬತ್ತು ಜನಕ್ಕೆ ಕೆಮ್ಮು.
ಊರೊಳಗಿನ ಕಲ್ಲಿನ ಆಸ್ಪತ್ರೆ, ಅದೂ ನಮ್ಮವರದ್ದೇ,
ವಾಸಿಯಾಗುವವರನ್ನಷ್ಟೇ ಒಳಗೆ ಬಿಡುತ್ತಿತ್ತು;
ಕರವಸ್ತ್ರದಲ್ಲಿ ಕೆಂಪು ಕಂಡವರಿಗೆ
ಮರಳುವ ರೈಲಿನ ಚೀಟಿ.
ಟೋಪಿ ಒಂದು ಸುತ್ತು ಬಂತು.
ಬಿದ್ದ ಚಿಲ್ಲರೆಗೆ ಅರ್ಧ ಗುಡಾರವೂ ಬರುತ್ತಿರಲಿಲ್ಲ.
ಆದರೂ ಯಾರೋ ಒಬ್ಬ ಕೆಮ್ಮು ತಡೆದುಕೊಂಡು
ನಡವಳಿ ಪುಸ್ತಕದಲ್ಲಿ ದಿನಾಂಕ ಬರೆದ.

ಆಮೇಲೆ ತಗಡಿನ ಡಬ್ಬಿಗಳು ಹೋದವು
ಷಿಕಾಗೊಗೆ, ಬಾಲ್ಟಿಮೋರಿಗೆ, ಯಾರ್ಯಾರದೋ ಅಡುಗೆಮನೆಗೆ.
ಶುಕ್ರವಾರ ದೀಪ ಹಚ್ಚುವ ಮುನ್ನ ಒಂದು ಕಾಸು.
ಕಾಸಿಲ್ಲದ ಮನೆಯಿಂದ ಒಮ್ಮೆ ಗುಂಡಿ ಬಂತು, ಕೋಟಿನದು, ದಂತದ್ದು.
ಖಜಾಂಚಿ ಅದನ್ನೂ ಜಮೆ ಬರೆದ: ಗುಂಡಿ, ಒಂದು.
ಒಳಗೆ ಬರುವವನ ಬಳಿ ಒಂದು ಪೈಸೆ ಕೇಳಲಿಲ್ಲ,
ಎಷ್ಟು ದಿನ ಬದುಕುತ್ತೀಯ ಎಂದೂ ಕೇಳಲಿಲ್ಲ.
ಜಗಳಕ್ಕೇನೂ ಕಡಿಮೆ ಇರಲಿಲ್ಲ.
ಮಾಂಸದ ಜೊತೆ ಹಾಲು ಕೊಡಿ, ಬೇಗ ಕೊಬ್ಬಲಿ, ಅಂದರು ಡಾಕ್ಟರು.
ಬೇಕಾದರೆ ಸಾಯುತ್ತೇವೆ ಅಂದರು ಮುದುಕರು.
ಕೊನೆಗೆ ಎರಡು ಅಡುಗೆಮನೆ, ಎರಡು ಜೊತೆ ಚಮಚ:
ಹಾಲಿನದಕ್ಕೆ ನೀಲಿ ದಾರ, ಮಾಂಸದ್ದಕ್ಕೆ ಕೆಂಪು.

ಏಳನೇ ಗುಡಾರದ ಜುಂಡೆಲ್ ಕ್ರಾಸ್ನರ್, ಕಾಜಾ ಹೊಲಿಯುವವ,
ಲೋಟ ಕೊಡುವಾಗೆಲ್ಲ ಕೇಳುತ್ತಿದ್ದ:
"ರಕ್ತ ಇತ್ತಾ, ಫ್ರೂಮಾ?"
ಇಲ್ಲ, ನೋಡಿಯೇ ತಂದೆ.
"ಮೊಟ್ಟೆಯಾದರೆ ಎಸೀತೀರಿ.
ನನ್ನನ್ನ ಇಟ್ಕೊಂಡಿದ್ದೀರಿ."
ನಗುತ್ತಿದ್ದ, ಆಮೇಲೆ ನಗುವೇ ಕೆಮ್ಮಾಗುತ್ತಿತ್ತು,
ನಾನು ಮುಂದಿನ ಮಂಚಕ್ಕೆ ಹೋಗುತ್ತಿದ್ದೆ.

ಗುರುವಾರ ತೂಕ. ಪೌಂಡು ಏರಿದವರಿಗೆ ಚಪ್ಪಾಳೆ,
ಮನೆಗೆ ಕಾಗದ. ಜುಂಡೆಲ್ ಏರುತ್ತಲೇ ಇದ್ದ
ಕಾಲರಿನೊಳಗೆ ಕತ್ತು ಸಣ್ಣಗಾಗುತ್ತಲೇ ಇತ್ತು.
ಮಾರ್ಚಿನಲ್ಲಿ ಅವನ ಕೋಟು ನನ್ನ ಕೈಗೆ ಬಂದಾಗ
ಅಸ್ತರಿನಲ್ಲಿ ನಾಲ್ಕು ಚಮಚ:
ದಾರ ಕಿತ್ತದ್ದು,
ಯಾವುದು ಹಾಲಿನದು ಯಾವುದು ಮಾಂಸದ್ದು
ದೇವರೇ ಹೇಳಬೇಕು.
ಕುದಿಸಬೇಕಿತ್ತು, ಯಾರನ್ನಾದರೂ ಕೇಳಬೇಕಿತ್ತು.
ಏಪ್ರನ್ನಿನಲ್ಲಿ ಸುತ್ತಿ ಪೆಟ್ಟಿಗೆಗೆ ಹಾಕಿದೆ.
ತೂಕದ ಪುಸ್ತಕದಲ್ಲಿ ಅವನು ಇವತ್ತಿಗೂ
ನಾಲ್ಕು ಚಮಚ ಹೆಚ್ಚಿಗೆಯೇ ಇದ್ದಾನೆ.

ಯುದ್ಧ ಮುಗಿದ ಮೇಲೆ ಸೂಜಿಮದ್ದು ಬಂತು.
ಮಂಚಗಳು ಖಾಲಿಯಾದವು, ಈ ಸಲ ಬಾಗಿಲಿನಿಂದ,
ತಮ್ಮ ಕಾಲ ಮೇಲೆ.
ಗುಡಾರದ ಹಲಗೆಗಳನ್ನು ಕೋಳಿಗೂಡಿಗೆಂದು ಒಬ್ಬ ಕೊಂಡ.

ಈಗ ಅಂಗಡಿಯ ಮೊಟ್ಟೆ ಯಂತ್ರವೇ ನೋಡಿ ಕಳಿಸಿದ್ದು.
ಆದರೂ ಲೋಟಕ್ಕೇ ಒಡೆಯುತ್ತೇನೆ, ತಂಗಿಯ ಮಗಳು ರೇಗುತ್ತಾಳೆ.
ಯಾವಾಗಲೋ ಒಂದರಲ್ಲಿ ಕೆಂಪು ಚುಕ್ಕೆ.
ಕಿಟಕಿಗೆ ಹಿಡಿದು ಒಂದಿಷ್ಟು ಹೊತ್ತು
ಹಾಗೇ ನಿಂತಿರುತ್ತೇನೆ.
ಆಮೇಲೆ ಚೆಲ್ಲುತ್ತೇನೆ.